ಪಾಕಿಸ್ತಾನದ ಕೈಕಸುಬುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ರಕ್ ಕುರ್ತಾ ಈಗ ಬೆಂಗಳೂರಿನ ಅಂಗಡಿಗಳಲ್ಲೂ ತೂಗುತ್ತದೆ. ಬಣ್ಣ ಬಳಿದ ಪಾಕಿಸ್ತಾನಿ ಟ್ರಕ್‌ಗಳ ವಿಡಿಯೊ ಎಲ್ಲರ ಮೊಬೈಲಿಗೂ ಒಮ್ಮೆಯಾದರೂ ಬಂದಿರುತ್ತದೆ. ಆದರೆ ಅಲ್ಲಿನ ಮನೆಗಳಲ್ಲಿ ಈ ವಸ್ತುಗಳು ಯಾವ ಕೆಲಸಕ್ಕೆ ಬರುತ್ತವೆ ಅನ್ನೋದು ನಮಗೆ ಅಷ್ಟಾಗಿ ಗೊತ್ತಿಲ್ಲ. ಇವನ್ನು ಗಾಜಿನ ಕಪಾಟಿನಲ್ಲಿಡಲು ಯಾರೂ ಮಾಡಿದ್ದಲ್ಲ. ಹೊದೆಯಲು, ಮಲಗಲು, ಮಗು ತೂಗಲು, ಹೊರೆ ಸಾಗಿಸಲು ಮಾಡಿದ್ದು. ಉತ್ತರಗಳನ್ನು ಓದುವಾಗ ಅದೊಂದು ನೆನಪಿರಲಿ.

ಯಾವ ಊರು ಯಾವುದಕ್ಕೆ ಹೆಸರುವಾಸಿ?

ಸಿಂಧ್ ಅಂದರೆ ಅಜ್ರಕ್, ರಲ್ಲಿ ಹೊದಿಕೆ, ಕನ್ನಡಿ ಕೂರಿಸಿದ ಟೋಪಿ, ಹಾಲಾ ಪಟ್ಟಣದ ಅರಗಿನ ಮರಗೆಲಸ. ದಕ್ಷಿಣ ಪಂಜಾಬಿನ ಮುಲ್ತಾನ್ ಅಂದರೆ ನೀಲಿ ಮಡಕೆ ಮತ್ತು ಒಂಟೆ ಚರ್ಮದ ದೀಪ. ಚಿನಿಯೋಟ್ ಪಟ್ಟಣಕ್ಕೆ ಕೆತ್ತನೆಯ ಮರದ ಪೀಠೋಪಕರಣವೇ ಗುರುತು. ಖೈಬರ್ ಪಖ್ತೂನ್‌ಖ್ವಾದಲ್ಲಿ ಸ್ವಾತ್ ಕಣಿವೆಯ ಮರದ ಕೆತ್ತನೆ, ಉಣ್ಣೆ ಶಾಲು, ಚಿತ್ರಾಲ್‌ನ ಉಣ್ಣೆ ಟೋಪಿ, ಪೇಶಾವರಿ ಚಪ್ಪಲಿ. ಬಲೂಚಿಸ್ತಾನದಲ್ಲಿ ಹೆಣ್ಣುಮಕ್ಕಳ ಕಸೂತಿ. ಟ್ರಕ್ ಅಲಂಕಾರಕ್ಕೆ ಮಾತ್ರ ಒಂದೇ ಊರಿಲ್ಲ. ಅದು ಎಲ್ಲ ಕಡೆ ಓಡಾಡುತ್ತದೆ.

ಅಜ್ರಕ್ ಅಂದರೆ ಶಾಲಾ, ಬಟ್ಟೆಯಾ?

ಅಚ್ಚು ಒತ್ತಿ ಬಣ್ಣ ಕಟ್ಟಿದ ಹತ್ತಿ ಬಟ್ಟೆ. ಕಡು ನೀಲಿ, ಕಡು ಕೆಂಪು, ಕಪ್ಪು ಗೆರೆ, ನಡುನಡುವೆ ಬಿಳಿ ಚುಕ್ಕೆ. ಸುಮಾರು ಎರಡೂವರೆ ಮೀಟರ್ ಉದ್ದ. ಸಿಂಧ್‌ನ ಹಳ್ಳಿಯವನ ಹೆಗಲ ಮೇಲೆ ಅದು ಇದ್ದೇ ಇರುತ್ತದೆ. ಬಿಸಿಲಿದ್ದರೆ ತಲೆಗೆ ಸುತ್ತುತ್ತಾನೆ, ಚಳಿಯಿದ್ದರೆ ಹೊದೆಯುತ್ತಾನೆ, ಸಂತೆಗೆ ಹೋದರೆ ಅದರಲ್ಲೇ ಗಂಟು ಕಟ್ಟುತ್ತಾನೆ. ಎರಡು ಕಡೆ ಹಗ್ಗ ಬಿಗಿದರೆ ಮಗುವಿನ ಜೋಲಿ. ಮದುಮಗನ ಹೆಗಲಿಗೂ ಅದೇ, ಮನೆಗೆ ಬಂದ ಅತಿಥಿಗೆ ಹೊದಿಸುವುದೂ ಅದನ್ನೇ. ಕೊನೆಗೆ ಶವದ ಮೇಲೂ ಹೊದಿಸುವುದುಂಟು. ನಮ್ಮಲ್ಲಿ ರೈತನ ಟವೆಲ್ಲು ಮತ್ತು ಸನ್ಮಾನದ ಶಾಲು ಬೇರೆ ಬೇರೆ ವಸ್ತುಗಳು. ಅಲ್ಲಿ ಎರಡೂ ಒಂದೇ ಬಟ್ಟೆ.

2009ರಿಂದ ಪ್ರತಿ ಡಿಸೆಂಬರ್‌ನಲ್ಲಿ ಸಿಂಧಿಗಳು ಟೋಪಿ ಮತ್ತು ಅಜ್ರಕ್ ತೊಟ್ಟು ಒಂದು ದಿನ ಆಚರಿಸುತ್ತಾರೆ. ಆ ವಾರ ಬೀದಿಬೀದಿಯಲ್ಲಿ ಅಜ್ರಕ್ ರಾಶಿ. ಅದರಲ್ಲಿ ಎಷ್ಟೋ ಮೆಷಿನ್ ಪ್ರಿಂಟು, ಅದು ಬೇರೆ ಮಾತು.

ಒಂದು ಅಜ್ರಕ್ ಮಾಡಲು ಯಾಕೆ ಅಷ್ಟು ದಿನ ಬೇಕು? ಅಚ್ಚು ಒತ್ತಿದರೆ ಆಯ್ತಲ್ವಾ?

ಅಚ್ಚು ಒತ್ತಿದ ಕೂಡಲೇ ಅಲ್ಲಿ ಕಾಣುವುದು ಬಣ್ಣವೇ ಅಲ್ಲ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು.

ಮೊದಲು ಬಟ್ಟೆಯ ಗಂಜಿ ಪೂರ್ತಿ ಹೋಗಬೇಕು. ಎಣ್ಣೆ, ಸೋಡಾ, ಒಂಟೆಯ ಲದ್ದಿ ಕಲಸಿದ ನೀರಿನಲ್ಲಿ ಬಟ್ಟೆ ನೆನೆಸುತ್ತಾರೆ, ಹಿಂಡುತ್ತಾರೆ, ಒಣಗಿಸುತ್ತಾರೆ, ಮತ್ತೆ ನೆನೆಸುತ್ತಾರೆ. ಕೇಳಲು ಅಸಹ್ಯ ಅನಿಸಬಹುದು. ಆದರೆ ಆ ಬಟ್ಟೆ ಮುಟ್ಟಿದರೆ ಮೆತ್ತಗೆ, ಬಣ್ಣ ಹೀರಲು ಸಿದ್ಧ. ಆಮೇಲೆ ಒಗರಿನ ಕಾಯಿಗಳ ಕಷಾಯದಲ್ಲಿ ಅದ್ದುತ್ತಾರೆ. ನಮ್ಮ ಅಳಲೆಕಾಯಿಯಲ್ಲಿ ಇರುತ್ತಲ್ಲ, ಅದೇ ಒಗರು.

ಈಗ ಅಚ್ಚಿನ ಸರದಿ. ಸುಣ್ಣ ಮತ್ತು ಗೋಂದು ಕಲಸಿ ಮೊದಲ ಅಚ್ಚು ಒತ್ತುತ್ತಾರೆ. ಸುಣ್ಣ ಕೂತ ಜಾಗಕ್ಕೆ ಯಾವ ಬಣ್ಣವೂ ಹತ್ತಬಾರದು, ಕೊನೆಗೆ ಬಿಳಿಯಾಗಿ ಉಳಿಯಬೇಕು. ಎರಡನೇ ಅಚ್ಚು ಕಬ್ಬಿಣದ ರಸದ್ದು. ಬಟ್ಟೆಯೊಳಗಿನ ಒಗರು ಮತ್ತು ಕಬ್ಬಿಣ ಸೇರಿ ಅಲ್ಲೇ ಕಪ್ಪಾಗುತ್ತದೆ. ಮೂರನೆಯದು ಪಟಕ (ಆಲಂ) ಬೆರೆಸಿದ ಮಣ್ಣಿನದು. ಇದು ಮುಂದೆ ಕೆಂಪಾಗಬೇಕಾದ ಜಾಗ. ಒತ್ತಿದ ತಕ್ಷಣ ಮೇಲೆ ಹೊಟ್ಟು ಅಥವಾ ಒಣ ಲದ್ದಿಪುಡಿ ಉದುರಿಸುತ್ತಾರೆ. ಇಲ್ಲದಿದ್ದರೆ ಹಸಿ ಮಣ್ಣು ಪಕ್ಕಕ್ಕೆ ಹರಡಿ ಗೆರೆ ಕೆಡುತ್ತದೆ. ಈ ಹೊತ್ತಿನಲ್ಲಿ ನೋಡಿದರೆ ಕೆಸರು ಮೆತ್ತಿದ ಬಟ್ಟೆಯ ಹಾಗಿರುತ್ತದೆ. ಇದು ಅಜ್ರಕ್ ಆಗುತ್ತದೆ ಅಂದರೆ ಯಾರೂ ನಂಬುವುದಿಲ್ಲ.

ನಂತರ ನೀಲಿ (ಇಂಡಿಗೊ) ಬಣ್ಣದ ಗುಡಾಣ. ಅದ್ದಿ ಮೇಲೆತ್ತಿದಾಗ ಬಟ್ಟೆ ನೀಲಿಯಾಗಿರುವುದಿಲ್ಲ, ಹಳದಿ ಮಿಶ್ರಿತ ಹಸಿರು. ಗಾಳಿ ತಾಗಿದಂತೆ ಅಂಚಿನಿಂದ ಬಣ್ಣ ತಿರುಗುತ್ತಾ ನೋಡನೋಡುತ್ತಲೇ ಇಡೀ ಬಟ್ಟೆ ನೀಲಿಯಾಗುತ್ತದೆ. ಆಮೇಲೆ ಹರಿಯುವ ನೀರಿನಲ್ಲಿ ಬಡಿದು ಬಡಿದು ಒಗೆಯುತ್ತಾರೆ. ಸುಣ್ಣ, ಮಣ್ಣು ಎಲ್ಲ ಬಿಟ್ಟುಹೋಗುತ್ತದೆ. ಕೊನೆಗೆ ಮಂಜಿಷ್ಠದ ಬೇರು ಹಾಕಿ ಹಂಡೆಯಲ್ಲಿ ಕುದಿಸುತ್ತಾರೆ. ಈಗೀಗ ಜಾಸ್ತಿ ಬಳಸುವುದು ಅದರದೇ ಬಣ್ಣ ಕೊಡುವ ಅಲಿಜರಿನ್ ಪುಡಿಯನ್ನು. ಪಟಕ ಇದ್ದ ಕಡೆ ಮಾತ್ರ ಕೆಂಪು ಏಳುತ್ತದೆ. ಕೆಲವರು ನೀಲಿ ಇನ್ನೂ ಆಳವಾಗಲಿ ಎಂದು ಮತ್ತೊಂದು ಸುತ್ತು ಹಾಕುತ್ತಾರೆ.

ಹೀಗೆ ನೆನೆಸು, ಒಣಗಿಸು, ಒಗೆ ಅನ್ನುವುದರಲ್ಲೇ ದಿನಗಳು ಕಳೆಯುತ್ತವೆ. ಬಿಸಿಲು ಬೇಕು, ನೀರು ಬೇಕು, ಕಾಯುವ ಮನಸ್ಸು ಬೇಕು. ಎರಡೂ ಕಡೆ ಅಚ್ಚು ಒತ್ತುವ ಅಜ್ರಕ್ ಆದರೆ ಹಿಂದಿನ ಗೆರೆ ಮುಂದಿನ ಗೆರೆಯ ಮೇಲೆ ಸರಿಯಾಗಿ ಕೂರಬೇಕು. ಅದು ಪಳಗಿದ ಕೈಗೆ ಮಾತ್ರ ಸಾಧ್ಯ.

ಮೊಹೆಂಜೊದಾರೊದ ಮೂರ್ತಿ ಹೊದ್ದಿರುವುದು ಅಜ್ರಕ್ಕೇ ಅಂತೆ. ನಿಜವಾ?

ಸಿಂಧ್‌ನಲ್ಲಿ ಯಾರನ್ನು ಕೇಳಿದರೂ ಹೌದು ಅನ್ನುತ್ತಾರೆ. 1920ರ ದಶಕದ ಉತ್ಖನನದಲ್ಲಿ ಸಿಕ್ಕ, ಪೂಜಾರಿ-ದೊರೆ ಅಂತ ಕರೆಯುವ ಸುಮಾರು 17.5 ಸೆಂಟಿಮೀಟರಿನ ಚಿಕ್ಕ ಕಲ್ಲಿನ ಮೂರ್ತಿ ಅದು. ಕರಾಚಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಹೆಗಲು ಮುಚ್ಚಿದ ಹೊದಿಕೆ, ಅದರ ಮೇಲೆ ಮೂರು ಎಸಳಿನ ಚಿತ್ತಾರ. ಆ ಎಸಳುಗಳ ಗುಳಿಯಲ್ಲಿ ಕೆಂಪು ಬಣ್ಣದ ಕುರುಹೂ ಸಿಕ್ಕಿದೆ. ಮೊಹೆಂಜೊದಾರೊದಲ್ಲಿ ಮಂಜಿಷ್ಠದಲ್ಲಿ ಅದ್ದಿದ ಹತ್ತಿ ಬಟ್ಟೆಯ ತುಣುಕು ದೊರೆತಿರುವುದೂ ನಿಜ. ಅಂದರೆ ಬಣ್ಣ ಕಟ್ಟುವ ವಿದ್ಯೆ ಆ ನೆಲದಲ್ಲಿ ತುಂಬ ಹಳೆಯದು.

ಆದರೆ ಕಲ್ಲಿನಲ್ಲಿ ಕೊರೆದ ಎಸಳು ಅಚ್ಚಿನದೋ, ಕಸೂತಿಯದೋ, ಹೊಲಿದ ತುಂಡೋ ಅಂತ ಹೇಳಲು ಆಗುವುದಿಲ್ಲ. ಐದು ಸಾವಿರ ವರ್ಷದ ಅಜ್ರಕ್ ಅಂತ ಅಂಗಡಿಯವರು ಹೇಳಿದರೆ ಅದು ಅಭಿಮಾನದ ಮಾತು ಅಂದುಕೊಳ್ಳಿ, ಸಾಕು.

ನಮ್ಮ ಅಂಗಡಿಗಳಲ್ಲಿ ಸಿಗುವ ಅಜ್ರಖ್ ಪಾಕಿಸ್ತಾನದ್ದಾ?

ಅಲ್ಲ. ಅಜ್ರಕ್ ಅನ್ನೇ ಇಲ್ಲಿ ಅಜ್ರಖ್ ಅನ್ನುತ್ತಾರೆ. ಅದು ಗುಜರಾತಿನ ಕಛ್‌ನದು, ಇಲ್ಲವೇ ರಾಜಸ್ಥಾನದ ಬಾಡಮೇರ್ ಕಡೆಯದು. ಆದರೆ ಬೇರು ಒಂದೇ. ಅಲ್ಲಿ ಅಚ್ಚು ಒತ್ತುವ ಖತ್ರಿ ಕುಟುಂಬಗಳ ಹಿರಿಯರು ಸಿಂಧ್‌ನಿಂದಲೇ ಬಂದವರು. ಧಮಡ್ಕಾ ಎಂಬ ಹಳ್ಳಿಯಲ್ಲಿ ನೆಲೆ ನಿಂತರು. 2001ರ ಭೂಕಂಪದ ನಂತರ ಅಲ್ಲಿನ ನೀರು ಕೆಲಸಕ್ಕೆ ಬಾರದಂತಾಯಿತು. ಹಾಗಾಗಿ ಕೆಲವರು ಹೊಸ ಊರೇ ಕಟ್ಟಿಕೊಂಡು ಅದಕ್ಕೆ ಅಜ್ರಖ್‌ಪುರ ಎಂದು ಹೆಸರಿಟ್ಟರು. ಕಛ್ ಅಜ್ರಖ್‌ಗೆ 2024ರಲ್ಲಿ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಸಿಕ್ಕಿತು.

ವ್ಯತ್ಯಾಸ ಇರುವುದು ಬಳಕೆಯಲ್ಲಿ. ಸಿಂಧ್‌ನಲ್ಲಿ ಅದು ಇವತ್ತಿಗೂ ಗಂಡಸರ ಹೆಗಲ ಬಟ್ಟೆ. ಇಲ್ಲಿ ಸೀರೆ, ದುಪಟ್ಟಾ, ದಿಂಬಿನ ಕವರು.

ಕೈಯಚ್ಚಿನದ್ದು ಅಂತ ಗುರುತಿಸೋದು ಹೇಗೆ?

ಹಿಂಬದಿ ತಿರುಗಿಸಿ ನೋಡಿ. ಮೆಷಿನ್ ಪ್ರಿಂಟಿನ ಹಿಂಬದಿ ಪೇಲವವಾಗಿರುತ್ತದೆ. ಒಂದೇ ಬದಿ ಅಚ್ಚೊತ್ತಿದ್ದರೂ ಅಸಲಿಯಲ್ಲಿ ನೀಲಿ, ಕೆಂಪು ನೂಲಿನೊಳಗೆ ಇಳಿದಿರುತ್ತದೆ. ಅಚ್ಚು ಸೇರುವ ಕಡೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಾಣುತ್ತದೆ. ಎಲ್ಲ ಚುಕ್ಕೆಯೂ ಒಂದೇ ಥರ ಇದ್ದರೆ ಅನುಮಾನ ಪಡಿ. ಪಾಲಿಯೆಸ್ಟರ್ ಆದರಂತೂ ಯೋಚನೆಯೇ ಬೇಡ.

ರಲ್ಲಿ ನಮ್ಮ ಕೌದಿ ತರಾನೇ ಅಲ್ವಾ?

ಹೌದು, ಬಹಳ ಹತ್ತಿರದ ನಂಟು. ಹಳೆ ಬಟ್ಟೆ ಎಸೆಯಬಾರದು, ಚಳಿಗೆ ಹೊದಿಕೆ ಬೇಕು. ಈ ಎರಡು ಅಗತ್ಯ ಎಲ್ಲಿ ಸೇರುತ್ತವೋ ಅಲ್ಲೆಲ್ಲ ಕೌದಿ ಹುಟ್ಟಿದೆ.

ರಲ್ಲಿ ಸಿಂಧ್‌ನ ಬಾದಿನ್, ಥಟ್ಟಾ, ಉಮರ್‌ಕೋಟ್, ಥಾರ್‌ಪಾರ್ಕರ್ ಕಡೆ ಹೆಣ್ಣುಮಕ್ಕಳು ಹೊಲಿಯುವ ಹೊದಿಕೆ. ಹಿಂದೂ, ಮುಸ್ಲಿಂ ಇಬ್ಬರ ಮನೆಯಲ್ಲೂ ಇದೆ. ಮೇಲಿನ ಪದರವನ್ನು ಮೊದಲು ಬೇರೆಯಾಗಿ ಜೋಡಿಸುತ್ತಾರೆ. ಚೌಕ, ತ್ರಿಕೋನ ಕತ್ತರಿಸಿ ಸೇರಿಸುವುದು ಒಂದು ಬಗೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಕತ್ತರಿಯಲ್ಲಿ ಚಿತ್ತಾರ ತೆಗೆದು, ಬಿಡಿಸಿ ಇನ್ನೊಂದರ ಮೇಲೆ ಹೊಲಿಯುವುದು ಮತ್ತೊಂದು. ಜೋಗಿ, ಸಾಮಿ ಜನರದು ಮೂರನೆಯದು, ಇಡೀ ಮೈ ತುಂಬ ಒತ್ತೊತ್ತಾಗಿ ಹೊಲಿಗೆ.

ಮೇಲ್ಪದರ ಆದಮೇಲೆ ಅಂಗಳದಲ್ಲಿ ಚಾಪೆ ಹಾಸುತ್ತಾರೆ. ಅಡಿಗೆ ಒಂದು ಬಟ್ಟೆ, ನಡುವೆ ಸವೆದ ಬಟ್ಟೆಗಳ ಪದರ, ಮೇಲೆ ಚಿತ್ತಾರದ್ದು. ಸುತ್ತ ಕೂತು ದಪ್ಪ ದಾರದಲ್ಲಿ ಸಾಲುಸಾಲಾಗಿ ಓಟದ ಹೊಲಿಗೆ ಹಾಕುತ್ತಾರೆ. ಅಕ್ಕಪಕ್ಕದವರು ಬಂದರೆ ಸೂಜಿ ಹಿಡಿದೇ ಮಾತು. ಅಳತೆಗೆ ಟೇಪಿಲ್ಲ, ಗೇಣು ಮತ್ತು ದಾರ. ನಕ್ಷೆ ಕಾಗದದಲ್ಲಿಲ್ಲ. ಅಮ್ಮ ಹಾಕುತ್ತಿದ್ದದ್ದನ್ನು ಮಗಳು ನೋಡಿ ಕಲಿತಿರುತ್ತಾಳೆ.

ಹುಡುಗಿ ಮದುವೆಯಾಗಿ ಹೋಗುವಾಗ ರಲ್ಲಿಗಳು ಜೊತೆಗೆ ಹೋಗುತ್ತವೆ. ಮನೆಯಲ್ಲಿ ಅವನ್ನು ಮಡಿಸಿ ಒಂದರ ಮೇಲೊಂದು ಪೇರಿಸಿಡುತ್ತಾರೆ. ಎಲ್ಲಕ್ಕಿಂತ ಚೆಂದದ್ದು ಅತಿಥಿಯ ಮಂಚಕ್ಕೆ. ಹರಿದು ಹಳೆಯದಾದದ್ದು ಮುಂದಿನ ರಲ್ಲಿಯ ಹೊಟ್ಟೆಯೊಳಗೆ ಹೋಗುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ ಇದೇ ಕುಲದ್ದು. ಕ್ರಮ ಮಾತ್ರ ಉಲ್ಟಾ. ಕವಂದಿಯಲ್ಲಿ ಮೇಲ್ಪದರವನ್ನು ಮೊದಲೇ ಜೋಡಿಸುವುದಿಲ್ಲ. ಅಂಚಿನಿಂದ ಶುರುಮಾಡಿ, ತುಂಡು ಇಡುತ್ತಾ ಹೊಲಿಯುತ್ತಾ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ರಲ್ಲಿಯ ಚೌಕಗಳು ಲೆಕ್ಕ ಹಿಡಿದು ನಿಂತಿರುತ್ತವೆ. ಕವಂದಿಯವು ಸಿಕ್ಕ ಬಟ್ಟೆ ಸಿಕ್ಕ ಹಾಗೆ ಕೂರುತ್ತವೆ. ನನಗೆ ಎರಡರಲ್ಲಿ ಕವಂದಿಯೇ ಜಾಸ್ತಿ ಇಷ್ಟ, ಊರಿನ ಪಕ್ಷಪಾತ ಇರಬಹುದು.

ಟ್ರಕ್‌ಗೆ ಯಾಕೆ ಅಷ್ಟೊಂದು ಅಲಂಕಾರ? ಖರ್ಚು ದಂಡ ಅಲ್ವಾ?

ಖರ್ಚು ಮಾಡುವವರು ಹಾಗೆ ನೋಡುವುದಿಲ್ಲ. ಚೆಂದದ ಗಾಡಿಗೆ ಬಾಡಿಗೆ ಬೇಗ ಸಿಗುತ್ತದೆ ಎಂದು ಮಾಲೀಕರು ನಂಬುತ್ತಾರೆ. ಇಷ್ಟು ಖರ್ಚು ಮಾಡಿದವನು ಗಾಡಿಯನ್ನೂ ಸರಿಯಾಗಿ ಇಟ್ಟುಕೊಂಡಿರುತ್ತಾನೆ ಅನ್ನುವ ಲೆಕ್ಕ. ಡ್ರೈವರ್‌ಗಂತೂ ವಾರಗಟ್ಟಲೆ ಅದೇ ಮನೆ. ಮನೆಯನ್ನು ಯಾರಾದರೂ ಸುಮ್ನೆ ಬೋಳಾಗಿ ಬಿಡುತ್ತಾರಾ?

ಸ್ವಾತಂತ್ರ್ಯಾನಂತರ ಅಲ್ಲಿನ ರಸ್ತೆ ತುಂಬ ಓಡಿದ್ದು ಬ್ರಿಟನ್ನಿನ ಬೆಡ್‌ಫೋರ್ಡ್ ಟ್ರಕ್. ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್ನು, ಚಾಸಿ. ಮೇಲಿನ ಮೈಯೆಲ್ಲ ಅಲ್ಲಿನ ಕಾರ್ಖಾನೆಯಲ್ಲೇ ಕಟ್ಟಬೇಕಿತ್ತು. ಚಿತ್ರಗಾರನಿಗೆ ಜಾಗ ಸಿಕ್ಕಿದ್ದು ಅಲ್ಲೇ. ತಲೆಯ ಮೇಲೆ ಮುಂದಕ್ಕೆ ಚಾಚಿದ ದೊಡ್ಡ ಹಲಗೆ ಇರುತ್ತದಲ್ಲ, ಅದನ್ನು ತಾಜ್ ಅನ್ನುತ್ತಾರೆ, ಕಿರೀಟ.

ಒಂದು ಟ್ರಕ್ ಸಿಂಗಾರ ಒಬ್ಬನ ಕೈಕೆಲಸ ಅಲ್ಲ. ಬಡಗಿ, ತಗಡು ಕೆಲಸದವನು, ಪೇಂಟರ್, ಲೈಟು ಹಾಕುವವನು, ಸೀಟು ಹೊಲಿಯುವವನು ಎಲ್ಲ ಬೇಕು. ಇವರ ನಡುವೆ ಚಮಕ್ ಪಟ್ಟಿಯವನೊಬ್ಬ ಇರುತ್ತಾನೆ. ಹೊಳೆಯುವ ಬಣ್ಣದ ಸ್ಟಿಕ್ಕರ್ ಹಾಳೆಯನ್ನು ಕತ್ತರಿಯಲ್ಲಿ ಎಲೆ, ಹೂವು, ಕಣ್ಣಿನಾಕಾರಕ್ಕೆ ಕತ್ತರಿಸುತ್ತಾನೆ. ದೊಡ್ಡ ಕೆಂಪು ಎಸಳು, ಅದರ ಮೇಲೆ ಸಣ್ಣ ಹಳದಿ, ಅದರ ಮೇಲೆ ಇನ್ನೂ ಸಣ್ಣ ಹಸಿರು. ಹೀಗೆ ಒಂದರ ಮೇಲೊಂದು ಅಂಟಿಸಿ ಇಡೀ ಹಲಗೆ ತುಂಬುತ್ತಾನೆ. ರಾತ್ರಿ ಎದುರಿನ ಗಾಡಿಯ ಲೈಟು ಬಿದ್ದರೆ ಎಲ್ಲ ಒಟ್ಟಿಗೆ ಹೊಳೆಯುತ್ತದೆ.

ಪ್ರಾಂತ್ಯಕ್ಕೆ ತಕ್ಕಂತೆ ಮಾದರಿ ಬದಲಾಗುತ್ತದೆ. ಪೇಶಾವರ, ಸ್ವಾತ್ ಕಡೆಯ ಟ್ರಕ್ಕಿಗೆ ಕೆತ್ತಿದ ಮರದ ಬಾಗಿಲು. ರಾವಲ್ಪಿಂಡಿಯದರಲ್ಲಿ ಪ್ಲಾಸ್ಟಿಕ್ ಚಿತ್ತಾರ ಜಾಸ್ತಿ. ಬಂಪರ್ ಕೆಳಗೆ ಸರಪಳಿ, ಗೆಜ್ಜೆಗಳ ಸಾಲು ಎಲ್ಲ ಕಡೆ ಉಂಟು. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಸೈನಿಕರು ಆ ಸದ್ದಿಗೇ ಇವುಗಳನ್ನು ಜಿಂಗಲ್ ಟ್ರಕ್ ಅಂತ ಕರೆದರು. ದೃಷ್ಟಿಯಾಗದಂತೆ ಕಪ್ಪು ಬಟ್ಟೆ ಕಟ್ಟುವುದೂ ಇದೆ. ನಮ್ಮ ಲಾರಿಗೆ ಕಟ್ಟುವ ಮೆಣಸಿನಕಾಯಿ, ನಿಂಬೆಹಣ್ಣಿನ ಕೆಲಸ ಅದರದ್ದು.

ಟ್ರಕ್ ಮೇಲೆ ಏನೇನು ಬರೆಯುತ್ತಾರೆ, ಬಿಡಿಸುತ್ತಾರೆ?

ನವಿಲು, ಸಿಂಹ, ಕೌಜುಗ, ಹಿಮದ ಬೆಟ್ಟ, ಕೆರೆ ದಂಡೆಯ ಮನೆ, ಬುರಾಕ್ ಎಂಬ ರೆಕ್ಕೆಯ ದಿವ್ಯ ಕುದುರೆ, ಯುದ್ಧವಿಮಾನ, ಸಿನಿಮಾ ನಾಯಕಿ. ಹಿಂದಿನ ಸೇನಾಧಿಪತಿ ಅಯೂಬ್ ಖಾನ್ ಮುಖ ಎಷ್ಟೋ ವರ್ಷ ಟ್ರಕ್ಕಿನ ಬೆನ್ನಿನ ಮೇಲೆ ಓಡಿದೆ. ಬರಹದಲ್ಲಿ ಉರ್ದು ಶೇರ್‌ಗಳು (ಎರಡು ಸಾಲಿನ ಪದ್ಯ), ತಮಾಷೆಯ ಸಾಲುಗಳು. ನೋಡು, ಆದರೆ ಪ್ರೀತಿಯಿಂದ ನೋಡು ಅನ್ನುವುದು ತುಂಬ ಹಳೆಯದು. ತಾಯಿಯ ಹಾರೈಕೆ ಸ್ವರ್ಗದ ಗಾಳಿ ಅನ್ನುವುದೂ ಹಾಗೆಯೇ. ತಾಯಿಯ ಆಶೀರ್ವಾದ ಅಂತ ಬರೆಸಿಕೊಂಡ ನಮ್ಮ ಲಾರಿಯವರು ಪಕ್ಕದಲ್ಲಿ ನಿಂತರೆ ಇಬ್ಬರಿಗೂ ಭಾಷಾಂತರ ಬೇಕಾಗಲಾರದು.

2019ರಲ್ಲಿ ಒಂದು ಒಳ್ಳೆಯ ಕೆಲಸವಾಯಿತು. ರೋಶ್ನಿ ಹೆಲ್ಪ್‌ಲೈನ್ ಸಂಸ್ಥೆ ಮತ್ತು ಬರ್ಜರ್ ಪೇಂಟ್ಸ್ ಸೇರಿ, ಕಳೆದುಹೋದ ಮಕ್ಕಳ ಮುಖವನ್ನು ಟ್ರಕ್ಕಿನ ಹಿಂಬದಿಯಲ್ಲಿ ಫೋನ್ ನಂಬರ್ ಜೊತೆ ಬಿಡಿಸಿದರು. ನಾಯಕಿಯ ಮುಖ ಇರುತ್ತಿದ್ದ ಜಾಗದಲ್ಲಿ ಹುಡುಕುತ್ತಿರುವ ಮಗುವಿನ ಮುಖ. ದೇಶದ ಮೂಲೆಮೂಲೆಗೆ ಹೋಗುವ ಗಾಡಿಗಿಂತ ಒಳ್ಳೆಯ ಗೋಡೆ ಎಲ್ಲಿದೆ?

ಈ ಕಲೆ ಹೊರದೇಶಕ್ಕೂ ಹೋಗಿದೆ. 2002ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಜಾನಪದ ಉತ್ಸವದಲ್ಲಿ ಕರಾಚಿಯ ಹೈದರ್ ಅಲಿ ಜನರೆದುರೇ ಟ್ರಕ್ ಚಿತ್ರಿಸಿದರು. ಈಗ ಚಹಾ ಕಪ್, ಬೂಟು, ಕೆಟಲ್ ಮೇಲೂ ಅದೇ ಹೂವು. ನನಗೆ ಅವು ಅಷ್ಟಾಗಿ ಹಿಡಿಸಲ್ಲ. ಚಹಾ ಕೆಟಲ್ ಮೇಲೆ ನವಿಲು ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಂತೆ ಕಾಣುತ್ತದೆ.

ಮುಲ್ತಾನ್ ಮಡಕೆ ಯಾಕೆ ಯಾವಾಗಲೂ ನೀಲಿ?

ಕೋಬಾಲ್ಟ್‌ನಿಂದ ಕಡು ನೀಲಿ, ತಾಮ್ರದಿಂದ ತಿಳಿ ಹಸಿರು ನೀಲಿ. ಬಿಳಿ ಮೈ ಮೇಲೆ ಈ ಎರಡನ್ನೂ ಕುಂಚದಲ್ಲಿ ಬಿಡಿಸಿ, ಗಾಜಿನ ಲೇಪ ಕೊಟ್ಟು ಸುಡುತ್ತಾರೆ. ಮಧ್ಯ ಏಷ್ಯಾ, ಇರಾನಿನ ಕಡೆಯಿಂದ ಬಂದ ರುಚಿ ಇದು. ಮುಲ್ತಾನಿನಲ್ಲಿ 14ನೇ ಶತಮಾನದ ಶಾ ರುಕ್ನ್-ಎ-ಆಲಂ ಗೋರಿಯ ಇಟ್ಟಿಗೆ ಗೋಡೆಯ ನಡುವೆ ನೀಲಿ ಹೆಂಚು ಕೂತಿರುವುದನ್ನು ನೋಡಿದರೆ ಆ ಊರಿಗೂ ಈ ಬಣ್ಣಕ್ಕೂ ಇರುವ ನಂಟು ತಿಳಿಯುತ್ತದೆ. ಲಾಹೋರಿನ ವಜೀರ್ ಖಾನ್ ಮಸೀದಿಯದು ಬೇರೆ ಕೆಲಸ. ಅಲ್ಲಿ ಒಂದೊಂದು ಬಣ್ಣದ ಹೆಂಚನ್ನು ಬೇರೆ ಬೇರೆ ಸುಟ್ಟು, ಕತ್ತರಿಸಿ, ತುಂಡು ಸೇರಿಸಿ ಹೂವು ಮಾಡಿದ್ದಾರೆ.

ಅಲಂಕಾರಕ್ಕೆ ಮಾಡಿದ ಮಡಕೆಯಲ್ಲಿ ಉಪ್ಪಿನಕಾಯಿ, ಮೊಸರು ಹಾಕಬೇಡಿ. ಲೇಪದಲ್ಲಿ ಸೀಸ ಇರಬಹುದು, ಹುಳಿಗೆ ಅದು ಬಿಟ್ಟುಕೊಳ್ಳುತ್ತದೆ.

ಒಂಟೆ ಚರ್ಮದ ದೀಪ ಹೇಗೆ ದುಂಡಗೆ ನಿಲ್ಲುತ್ತದೆ?

ಮಣ್ಣಿನ ಅಚ್ಚು ಮಾಡಿ, ಹದ ಮಾಡಿದ ಹಸಿ ಚರ್ಮವನ್ನು ಅದರ ಮೇಲೆ ಎಳೆದು ಕೂರಿಸುತ್ತಾರೆ. ಒಣಗಿ ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ಒಡೆದು ಉದುರಿಸುತ್ತಾರೆ. ಉಳಿಯುವುದು ತೆಳ್ಳಗಿನ ಚಿಪ್ಪು. ಅದರ ಮೇಲೆ ಹೂಬಳ್ಳಿ ಬಿಡಿಸುತ್ತಾರೆ. ಬೆಳಕು ಹಚ್ಚಿದರೆ ಜೇನಿನ ಬಣ್ಣ.

ಹಾಲಾದ ಅರಗಿನ ಕೆಲಸ ಅಂದರೆ ಚನ್ನಪಟ್ಟಣದ್ದೇನಾ?

ಮೂಲ ವಿದ್ಯೆ ಅದೇ. ಮರವನ್ನು ಚರಕಿಯಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಚನ್ನಪಟ್ಟಣದವರು ಅಲ್ಲಿಗೆ ಹೊಳಪು ಕೊಟ್ಟು ಮುಗಿಸುತ್ತಾರೆ. ಹಾಲಾದವರು ಮೇಲೆ ಮೇಲೆ ಬೇರೆ ಬಣ್ಣದ ಪದರ ಕಟ್ಟಿ, ಆಮೇಲೆ ಚೂಪು ಉಳಿಯಲ್ಲಿ ಕೆರೆಯುತ್ತಾರೆ. ಎಷ್ಟು ಆಳ ಹೋದರೆ ಆ ಪದರದ ಬಣ್ಣ ಕಾಣುತ್ತದೆ. ಕೈ ಸ್ವಲ್ಪ ಜಾರಿದರೂ ಬೇರೆ ಬಣ್ಣ ಬಂದುಬಿಡುತ್ತದೆ. ಇಲ್ಲಿ ಆಟಿಕೆ ಜಾಸ್ತಿ. ಅಲ್ಲಿ ತೊಟ್ಟಿಲು, ಮಂಚದ ಕಾಲು, ಮನೆಯ ದೊಡ್ಡ ಉಯ್ಯಾಲೆ.

ಫುಲ್ಕಾರಿ ಭಾರತದ್ದಾ, ಪಾಕಿಸ್ತಾನದ್ದಾ?

ಪಂಜಾಬಿನದು. ಪಂಜಾಬ್ ಎರಡಾಯಿತು, ಫುಲ್ಕಾರಿಯೂ ಎರಡು ಕಡೆ ಉಳಿಯಿತು. ಪಾಕಿಸ್ತಾನದಲ್ಲಿ ಹಜಾರಾ ಪ್ರದೇಶದ್ದಕ್ಕೆ ತನ್ನದೇ ರೀತಿ ಇದೆ. ಬಿಳಿ ಖಾದಿಯ ಮೇಲೆ ಗುಲಾಬಿ ರೇಷ್ಮೆ.

ಕಸೂತಿ ಬಲ್ಲವರು ಇದನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ಬಟ್ಟೆಯ ಮೇಲೆ ಗೆರೆ ಎಳೆದಿರುವುದಿಲ್ಲ. ನಮ್ಮ ಧಾರವಾಡ ಕಸೂತಿಯ ಹಾಗೆ ಎಳೆ ಎಣಿಸಿಯೇ ಹಾಕಬೇಕು. ಆದರೆ ಫುಲ್ಕಾರಿ ಹಾಕುವುದು ಬಟ್ಟೆಯ ಹಿಂಬದಿಯಿಂದ. ರೇಷ್ಮೆ ಮುಂದೆ ಉದ್ದುದ್ದ ಮಲಗಿ ಹೊಳೆಯುತ್ತದೆ, ಹಿಂದೆ ಚುಕ್ಕೆ ಮಾತ್ರ. ಬಟ್ಟೆಯೇ ಕಾಣದಂತೆ ತುಂಬಿದರೆ ಅದು ಬಾಗ್. ಮೊಮ್ಮಗಳ ಮದುವೆಗೆ ತಾಯಿಯ ತವರಿನ ಅಜ್ಜಿ ಕೊಡುವ ಚೋಪ್ ಎಂಬ ಬಗೆಯಲ್ಲಿ ಎರಡೂ ಬದಿ ಒಂದೇ ಥರ ಬರುತ್ತದೆ. ನಮ್ಮ ಕಸೂತಿಯ ಗವಂತಿ ಹೊಲಿಗೆಯೂ ಹಾಗೇ ಅಲ್ವಾ.

ಬಲೂಚಿ ಉಡುಪಿನ ಮುಂದೆ ಇರುವ ಆ ಉದ್ದನೆಯ ಕಸೂತಿ ಏನು?

ಜೇಬು. ಪಶ್ಕ್ ಎಂಬ ಅಂಗಿಯಲ್ಲಿ ಸೊಂಟದಿಂದ ಕೆಳಗೆ ದೊಡ್ಡ ಜೇಬು ಇರುತ್ತದೆ, ಎದೆ ಮತ್ತು ತೋಳಿನ ಜೊತೆ ಅದಕ್ಕೂ ಒತ್ತೊತ್ತಾದ ಕಸೂತಿ. ಹೆಂಗಸರ ಬಟ್ಟೆಗೆ ಜೇಬಿಲ್ಲ ಎಂದು ಗೊಣಗುವವರು ಬಲೂಚಿಸ್ತಾನದ ದರ್ಜಿಯನ್ನು ಹುಡುಕಬಹುದು.

ಈ ವಸ್ತುಗಳ ದುಡ್ಡು ಅವನ್ನು ಮಾಡಿದವರ ಕೈಗೆ ಸೇರುತ್ತದಾ?

ಪೂರ್ತಿ ಸೇರುವುದಿಲ್ಲ. ರಲ್ಲಿ, ಕಸೂತಿ ಹಾಕುವ ಹೆಂಗಸರು ಮನೆಯಲ್ಲಿ ಕೂತು ಮಾಡುತ್ತಾರೆ. ಪೇಟೆಗೆ ಒಯ್ಯುವವನು ದಲ್ಲಾಳಿ. ತಿಂಗಳುಗಟ್ಟಲೆ ಕೆಲಸವನ್ನು ತುಂಡಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. ಇದರಿಂದ ಇನ್ನೊಂದು ಬದಲಾವಣೆಯೂ ಆಗಿದೆ. ಮಗಳಿಗೆ ಹೊಲಿಯುವ ರಲ್ಲಿಗೂ ಮಾರಲು ಹೊಲಿಯುವ ರಲ್ಲಿಗೂ ಹೊಲಿಗೆಯ ಒತ್ತು ಒಂದೇ ಅಲ್ಲ. ಕೊಡುವ ದುಡ್ಡಿಗೆ ತಕ್ಕ ಹೊಲಿಗೆ. ಅದಕ್ಕೆ ಅವರನ್ನು ಬೈಯುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ ಕೂತು ಇವನ್ನು ಕೊಳ್ಳಬಹುದಾ?

ಪಾಕಿಸ್ತಾನದಿಂದ ತರಿಸುವ ಯೋಚನೆ ಬಿಡಿ. 2025ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಅಲ್ಲಿನ ಎಲ್ಲ ಸರಕಿನ ಆಮದನ್ನು ನಿಷೇಧಿಸಿತು. ಬೇರೆ ದೇಶದ ಮೂಲಕ ಬಂದರೂ ಅದಕ್ಕೆ ಒಪ್ಪಿಗೆಯಿಲ್ಲ. ದುಬೈನಲ್ಲಿರುವ ಕನ್ನಡಿಗರು ಅಲ್ಲಿನ ಗ್ಲೋಬಲ್ ವಿಲೇಜ್‌ನ ಪಾಕಿಸ್ತಾನ ಮಳಿಗೆಯಲ್ಲಿ ಇವನ್ನು ನೋಡಬಹುದು. ಊರಿಗೆ ತರುವ ಮೊದಲು ನಿಯಮ ವಿಚಾರಿಸಿ.

ಇಲ್ಲಿಯೇ ಬೇಕೆಂದರೆ ಕಛ್‌ನ ಅಜ್ರಖ್, ಅಮೃತಸರ-ಪಟಿಯಾಲ ಕಡೆಯ ಫುಲ್ಕಾರಿ, ಜೈಪುರದ ನೀಲಿ ಮಡಕೆ ಸಿಗುತ್ತವೆ. ಕೌದಿಗೆ ಎಲ್ಲಿಗೂ ಹೋಗಬೇಕಿಲ್ಲ, ಬಿಡಿ.

ಮನೆಯಲ್ಲಿರುವ ಅಜ್ರಖ್ ಒಗೆಯೋದು ಹೇಗೆ?

ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ಮೆದು ಸೋಪು ಹಾಕಿ ಒಗೆಯಿರಿ. ಸ್ವಲ್ಪ ನೀಲಿ ಬಿಟ್ಟರೆ ಗಾಬರಿ ಬೇಡ, ಮೇಲೆ ಕೂತಿದ್ದ ಹೆಚ್ಚಿನ ಬಣ್ಣ ಅದು. ಬ್ಲೀಚ್ ಬೇಡವೇ ಬೇಡ. ಕಲೆ ತೆಗೆಯಲು ನಿಂಬೆರಸ ಹಚ್ಚಬೇಡಿ, ಕಬ್ಬಿಣದಿಂದ ಬಂದ ಕಪ್ಪು ಹುಳಿಗೆ ಕೆಡುತ್ತದೆ. ನೆರಳಲ್ಲಿ ಒಣಗಿಸಿ, ಹಿಂಬದಿಗೆ ಇಸ್ತ್ರಿ ಹಾಕಿ. ತುಂಬ ಹಳೆಯದಾದರೆ ಕಪ್ಪು ಗೆರೆಯ ಕಡೆಯೇ ಮೊದಲು ಪಿಸಿಯುತ್ತದೆ, ಅದೂ ಕಬ್ಬಿಣದ್ದೇ ಕೆಲಸ. ಅಷ್ಟರಲ್ಲಿ ಹತ್ತಾರು ವರ್ಷ ಉಟ್ಟಿರುತ್ತೀರಿ. ಉಳಿದ ನೀಲಿ, ಕೆಂಪು ತುಂಡುಗಳನ್ನು ಕೌದಿಗೆ ಎತ್ತಿಡಿ.